ಮೊದಲ ಹೆಜ್ಜೆಗಳು ಯಾರವು?

ಕನ್ನಡದಲ್ಲಿ ಮಡಿಕೇರಿಯ ಬೆಳಗನ್ನು ಮುಸುಕುವುದೂ ಮಂಜೇ, ನ್ಯೂಯಾರ್ಕಿನ ಆಕಾಶದಿಂದ ಉದುರುವುದೂ ಮಂಜೇ. ಈ ನಗರದಲ್ಲಿ ಕೆಲವು ಚಳಿಗಾಲಗಳನ್ನು ಕಳೆದಿರುವ ನನ್ನನ್ನು, ಹೆಸರು ಒಂದೇ ಆಗಿರುವುದರಿಂದಲೋ ಏನೋ, ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಹಗುರವಾಗಿ ಬೀಳುವ ಹಿಮವನ್ನು ಕಂಡು ಮನಸ್ಸು ಅರಳುವುದು, ಅದು ಊರನ್ನು ಮರೆಮಾಡುತ್ತದೆ ಎಂಬ ಕಾರಣಕ್ಕೋ? ಹಾಗಿದ್ದರೆ ಆ ಸಂತೋಷ ಎಷ್ಟು ನಿಷ್ಕಪಟ?

ದೊಡ್ಡ ಹಿಮಬಿರುಗಾಳಿಯ ಮಾತು ಬೇರೆ. ಅದು ಶಾಲೆ ಮುಚ್ಚಿಸುತ್ತದೆ, ರೈಲು ನಿಲ್ಲಿಸುತ್ತದೆ, ಭಯ ಹುಟ್ಟಿಸುತ್ತದೆ. ನಾನು ಹೇಳುತ್ತಿರುವುದು ಸಂಜೆ ಶುರುವಾಗಿ ನಡುರಾತ್ರಿಗೆ ನಿಲ್ಲುವ, ಗಾಳಿಯ ಅಬ್ಬರವಿಲ್ಲದ, ಒಂದೆರಡು ಇಂಚಿನ ಹಿಮದ ಬಗ್ಗೆ. ಆಗ ನಗರದ ಸದ್ದು ತಗ್ಗುತ್ತದೆ. ಇದು ಬರೀ ಕವಿಕಲ್ಪನೆಯಲ್ಲ; ಹೊಸ ಹಿಮದ ಹರಳುಗಳ ನಡುವೆ ಗಾಳಿ ತುಂಬಿದ ಸಂದುಗಳಿರುತ್ತವೆ, ಅವು ಶಬ್ದವನ್ನು ಹೀರಿಕೊಳ್ಳುತ್ತವೆ. ಬೀದಿದೀಪದ ಬೆಳಕು ನೆಲದಿಂದ ಪ್ರತಿಫಲಿಸಿ ಇರುಳು ತಿಳಿಯಾಗುತ್ತದೆ. ರಸ್ತೆಯಂಚಿನಲ್ಲಿ ಪೇರಿಸಿದ ಕಪ್ಪು ಕಸದ ಚೀಲಗಳೂ ದುಬಾರಿ ಕಾರುಗಳೂ ಒಂದೇ ಬಿಳುಪನ್ನು ಹೊದ್ದು ಮಲಗುತ್ತವೆ.

ಚೆಲುವನ್ನು ಚೆಲುವೆಂದು ಗುರುತಿಸುವಾಗ ಅದರಿಂದ ನಮಗೇನು ಲಾಭ ಎಂಬ ಲೆಕ್ಕ ಇರಬಾರದು ಎಂದು ಕಾಂಟ್ 1790ರ ತನ್ನ ಗ್ರಂಥದಲ್ಲಿ ವಾದಿಸಿದ. ಒಪ್ಪುವ ಮಾತೇ. ಆದರೆ ಹಾಗೆ ನಿರಾಳವಾಗಿ ನೋಡಲು ಬೆಚ್ಚಗಿನ ಕಿಟಕಿಯೊಂದು ಬೇಕಲ್ಲ! ಹೊರಗಿರುವವರಿಗೆ ಅದೇ ಹಿಮ ಮೈಮುರಿಯುವ ಕೆಲಸ. ಇಲ್ಲಿನ ಕಾನೂನಿನಂತೆ, ರಾತ್ರಿ 9ರಿಂದ ಬೆಳಗಿನ 7ರ ನಡುವೆ ಹಿಮ ನಿಂತರೆ 11 ಗಂಟೆಯೊಳಗೆ ಕಟ್ಟಡದ ಮುಂದಿನ ಫುಟ್‌ಪಾತನ್ನು ತೆರವು ಮಾಡಬೇಕು. ಹೊಣೆ ಮಾಲೀಕರದು, ಸಲಿಕೆ ಬಹಳ ಸಲ ಇನ್ನೊಬ್ಬರ ಕೈಯಲ್ಲಿ. ಸಂಜೆ 4ರಿಂದ ಬೆಳಿಗ್ಗೆ 8ರ ನಡುವೆ ತಾಪಮಾನ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ನಗರಾಡಳಿತ 'ಕೋಡ್ ಬ್ಲೂ' ಘೋಷಿಸುತ್ತದೆ. ಬೀದಿಯಲ್ಲಿ ಮಲಗುವವರನ್ನು ಒಳಗೆ ಕರೆತರಲು ಕಾರ್ಯಕರ್ತರು ಓಡಾಡುತ್ತಾರೆ. ಎಲ್ಲರೂ ಒಳಗೆ ಬರುವುದಿಲ್ಲ.

ಹಾಗಾದರೆ ಪರದೆ ಎಳೆದು, ಈ ಚೆಲುವು ನಮಗೆ ಸಲ್ಲದು ಎನ್ನಬೇಕೆ? ನನಗೆ ಹಾಗನಿಸುವುದಿಲ್ಲ. ನಾನು ಸವಿಯುವುದನ್ನು ಬಿಟ್ಟರೆ ಸಲಿಕೆ ಹಿಡಿದವನ ಕೈ ಬೆಚ್ಚಗಾಗದು. ಅಷ್ಟೇ ಅಲ್ಲ, ಕಣ್ಣು ಮುಚ್ಚಿಕೊಂಡರೆ ಅವನು ಕಾಣುವುದೂ ಇಲ್ಲ.

ತೆಳು ಹಿಮದ ಗುಣವೇ ವಿಚಿತ್ರ. ಊರನ್ನು ಪೂರ್ತಿ ಮುಚ್ಚುವ ಶಕ್ತಿ ಅದಕ್ಕಿಲ್ಲ; ಅದರ ಮೇಲೆ ನಡೆದವರ ಗುರುತು ಉಳಿಯುತ್ತದೆ. ಬೆಳಗಿನ ಆರಕ್ಕೆ ನಾನು ನೋಡುವಾಗ ಬೀದಿಯಲ್ಲಿ ಆಗಲೇ ಹೆಜ್ಜೆಗಳಿರುತ್ತವೆ. ರಾತ್ರಿಪಾಳಿ ಮುಗಿಸಿ ಮರಳಿದವರವು, ಸಬ್‌ವೇ ಕಡೆಗೆ ಹೊರಟವರವು. ಊಟ ತಲುಪಿಸಿ ಹೋದ ಸೈಕಲ್ಲಿನ ಗೆರೆ. ಮುಚ್ಚಿದ ಅಂಗಡಿಯ ಬಾಗಿಲೆದುರು, ಹಿಮ ತಾಗದೆ ಉಳಿದ, ಒಬ್ಬ ಮನುಷ್ಯನಷ್ಟು ಉದ್ದದ ಕಪ್ಪು ಜಾಗ. ಉಳಿದ ದಿನಗಳಲ್ಲಿ ಇವರು ಇದೇ ದಾರಿಯಲ್ಲಿ ಹೋದದ್ದಕ್ಕೆ ಕುರುಹೇ ಇರುವುದಿಲ್ಲ.

ಚೆಲುವು ನಮ್ಮನ್ನು ಕಿಟಕಿಯ ಬಳಿಗೆ ಕರೆಯುತ್ತದೆ. ಅಲ್ಲಿ ನಿಂತು ಏನನ್ನು ನೋಡುತ್ತೇವೆ ಎಂಬುದು ನಮಗೆ ಬಿಟ್ಟದ್ದು. ಮಧ್ಯಾಹ್ನದ ಹೊತ್ತಿಗೆ ಉಪ್ಪೂ ಚಕ್ರಗಳೂ ಸೇರಿ ಆ ಬಿಳುಪನ್ನು ಬೂದುಬಣ್ಣದ ರಾಡಿ ಮಾಡುತ್ತವೆ. ಹೆಜ್ಜೆಗಳು ಅಳಿಸಿಹೋಗುತ್ತವೆ. ಹೆಜ್ಜೆಗಳವರು ಮಾತ್ರ ಮರುದಿನವೂ ಅದೇ ಹೊತ್ತಿಗೆ ಹೊರಡುತ್ತಾರೆ.