ಕತ್ತರಿಯ ಧರ್ಮ

ಕತ್ತರಿ ಹಿಡಿದ ಕೈಗೆ ಎಷ್ಟು ಅಧಿಕಾರವಿದೆ ಎಂಬುದು ರವಿಕೆ ಹೊಲಿಸಿಕೊಂಡವರಿಗೆಲ್ಲ ಗೊತ್ತು. ಬಟ್ಟೆ ನಮ್ಮದು, ಅಳತೆಯೂ ನಮ್ಮದೇ. ಕೊನೆಗೆ ಕೈಗೆ ಬರುವುದು ಮಾತ್ರ ದರ್ಜಿ ಕತ್ತರಿಸಿದ ಹಾಗೆ. ಬಟ್ಟೆಯ ಬದಲು ಮನುಷ್ಯರ ಮಾತನ್ನೇ ಕತ್ತರಿಸುವುದಾದರೆ? ಅದಕ್ಕೂ ಒಂದು ಧರ್ಮ ಬೇಡವೇ?

ಈ ಪ್ರಶ್ನೆ ನನಗೆ ಎದುರಾದದ್ದು ಸೊಸೆಯ ಓದಿನಿಂದ. ಅವಳು ಕ್ಯಾಲಿಫೋರ್ನಿಯಾಕ್ಕೆ ಹೋದದ್ದು ಎಚ್-4 ವೀಸಾದ ಮೇಲೆ, ನನ್ನ ಮಗನ ಉದ್ಯೋಗದ ಬೆನ್ನಿಗೆ. ಈ ವೀಸಾದವರಲ್ಲಿ ಕೆಲವರಿಗೆ 2015ರಿಂದ ದುಡಿಯಲು ಅನುಮತಿ ಸಿಗುತ್ತಿದೆ. ಇವಳಿಗೆ ಇನ್ನೂ ಸಿಕ್ಕಿಲ್ಲ. ಓದಲು ಅಡ್ಡಿಯಿಲ್ಲ. ಹಾಗಾಗಿ ಅಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಡಿಜಿಟಲ್ ಮಾಧ್ಯಮ ನಿರ್ಮಾಣ ಕಲಿಯುತ್ತಿದ್ದಾಳೆ. ಎರಡು ವರ್ಷದ ಓದಿನ ಇಂಥ ಸಾರ್ವಜನಿಕ ಕಾಲೇಜು ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲೇ ಶುರುವಾಯಿತು. ಕ್ಯಾಲಿಫೋರ್ನಿಯಾ ಒಂದರಲ್ಲೇ ಈಗ 116 ಇವೆ. ಹದಿನೆಂಟರ ಹುಡುಗನ ಪಕ್ಕದಲ್ಲಿ ಅರವತ್ತರ ಅಜ್ಜಿಯೂ ಕೂತು ಕಲಿಯಬಹುದು.

ಕ್ಯಾಮೆರಾ, ಬೆಳಕು, ಧ್ವನಿ ಎಲ್ಲವನ್ನೂ ಕಲಿಸುತ್ತಾರೆ. ಆದರೆ ಹೆಚ್ಚು ಹೊತ್ತು ಕೂರಬೇಕಾದದ್ದು ಸಂಕಲನಕ್ಕೆ. ಹಾಲಿವುಡ್ಡಿನ ಆರಂಭದ ದಿನಗಳಲ್ಲಿ ಫಿಲ್ಮನ್ನು ಕತ್ತರಿಸಿ ಅಂಟಿಸುವುದು ಹೊಲಿಗೆಯಂತೆ ಹೆಂಗಸರ ಕೆಲಸವೆಂದೇ ಎಣಿಕೆಯಾಗಿತ್ತು. 1975ರ ‘ಜಾಸ್’ ಚಿತ್ರದ ಸಂಕಲನಕ್ಕೆ ಆಸ್ಕರ್ ಪಡೆದ ವರ್ನಾ ಫೀಲ್ಡ್ಸ್ ಕೂಡ ಹೆಂಗಸೇ. ಈಗ ಕತ್ತರಿ ಕಂಪ್ಯೂಟರಿನೊಳಗಿದೆ. ಎಷ್ಟು ಕತ್ತರಿಸಿದರೂ ಮೂಲ ಹಾಗೆಯೇ ಉಳಿದಿರುತ್ತದೆ. ನೋಡುವವರಿಗೆ ಕಾಣುವುದು ಆರಿಸಿದ್ದು ಮಾತ್ರ.

ನಾನು ಅಲ್ಲಿಗೆ ಹೋಗಿದ್ದಾಗ, ಮನೆಯವರೊಬ್ಬರ ಬಗ್ಗೆ ಮೂರು ನಿಮಿಷದ ಚಿತ್ರ ಮಾಡಬೇಕೆಂದು ತರಗತಿಯಲ್ಲಿ ಹೇಳಿದ್ದರು. ಒಪ್ಪಿಗೆ ಪತ್ರಕ್ಕೆ ನನ್ನ ರುಜು ಹಾಕಿಸಿಕೊಂಡು, ಅಡುಗೆಮನೆಯ ಪಕ್ಕ ಕೂರಿಸಿ ಒಂದು ಗಂಟೆ ಮಾತಾಡಿಸಿದಳು.

“ಮದುವೆಗೆಂದು ಓದು ಬಿಟ್ಟಿರಲ್ಲ ಅತ್ತೆ, ಬೇಸರವಾಗಲಿಲ್ಲವೇ?”

“ಏನಿಲ್ಲಮ್ಮ” ಎಂದು ಸುಮ್ಮನಾದೆ. ಸುಮ್ಮನಾದದ್ದು ಕುಕ್ಕರಿನ ಮೂರನೆಯ ಕೂಗಿಗೆ ಕಾಯುತ್ತ.

ಸಂಕಲನ ಮುಗಿಸಿ ತೋರಿಸಿದಾಗ ನೋಡುತ್ತೇನೆ, ಕೂಗೇ ಇಲ್ಲ! ಚಿತ್ರ ಒಂದು ಸಾಲಿನಲ್ಲಿ, ಧ್ವನಿ ಇನ್ನೊಂದು ಸಾಲಿನಲ್ಲಿ ಇರುವುದರಿಂದ ಬೇಡದ ಸದ್ದನ್ನು ತೆಗೆಯುವುದು ಸುಲಭವಂತೆ. ಉಳಿದದ್ದು ನನ್ನ ಮೌನ ಮಾತ್ರ. ಬದುಕನ್ನೇ ಕಳೆದುಕೊಂಡಂತೆ ಒಬ್ಬ ಹೆಂಗಸು ಅಲ್ಲಿ ಕೂತಿದ್ದಳು. ನೂರು ವರ್ಷದ ಹಿಂದೆ ರಷ್ಯದ ಲೆವ್ ಕುಲೆಶೋವ್ ಎಂಬುವರು ಇದನ್ನೇ ಮಾಡಿ ತೋರಿಸಿದರಂತೆ. ನಟನ ಒಂದೇ ಮುಖ ಸೂಪಿನ ಬಟ್ಟಲಿನ ಜೊತೆ ಹಸಿದಂತೆ ಕಂಡಿತು, ಶವಪೆಟ್ಟಿಗೆಯ ಜೊತೆ ದುಃಖಿಸುವಂತೆ.

ಹಾಗಾದರೆ ಸೊಸೆಯ ಚಿತ್ರ ಸುಳ್ಳೇ? ಒಂದು ಮಾತನ್ನೂ ಅವಳು ತಾನಾಗಿ ಸೇರಿಸಿರಲಿಲ್ಲ. ಆ ಕೂಗುಗಳ ನಡುವೆ ಅರ್ಧಕ್ಕೆ ಬಿಟ್ಟ ಬಿ.ಎ. ಪುಸ್ತಕಗಳು ನನಗೆ ನೆನಪಾಗಲೇ ಇಲ್ಲವೆಂದು ಆಣೆಯಿಟ್ಟು ಹೇಳಲಾರೆ. ಆದರೆ ಅದು ಅನ್ನ ಬೆಂದಿತೋ ಇಲ್ಲವೋ ಎಂಬ ಯೋಚನೆಯೊಡನೆ ಕಲೆತ ಬೇಸರ. ಬರೀ ಬೇಸರವನ್ನು ಎತ್ತಿ ತೋರಿಸಿದರೆ, ಆಮೇಲೆ ನಾನು ಬದುಕಿದ ನಲವತ್ತು ವರ್ಷ ದರ್ಜಿಯ ಕಾಲಡಿಯ ಚೂರಾಗುತ್ತದೆ.

ರುಜು ಹಾಕಿದ್ದೆ, ನಿಜ. ಆದರೆ ರುಜು ಹಾಕುವುದು ಕತ್ತರಿಸುವ ಮೊದಲು. ನಾವು ಏನಾದೆವೆಂದು ತಿಳಿಯುವುದು ಕತ್ತರಿಸಿದ ಮೇಲೆ. ಒಪ್ಪಿಗೆ ಕೇಳಬೇಕಾದದ್ದು ಆಗ. ಅವಳು ಕೇಳಿದಳು: “ಹೀಗೇ ಕೊಡಲೇ ಅತ್ತೆ?” ಯಾವ ಪತ್ರದಲ್ಲೂ ಇಲ್ಲದ ಪ್ರಶ್ನೆ ಅದು.

“ಕುಕ್ಕರ್ ಕೂಗಲಿ ಬಿಡಮ್ಮ” ಎಂದೆ.

“ನಗುತ್ತಾರೆ.”

“ನಗಲಿ.”

ಕೂಗು ಮರಳಿತು. ಮೌನವನ್ನೂ ಅವಳು ತೆಗೆಯಲಿಲ್ಲ, ನಾನೂ ತೆಗೆಯೆನ್ನಲಿಲ್ಲ.

ಯಾವ ಕಾಲೇಜಿಗೂ ಹೋಗದೆ ನಾವೂ ದಿನವೂ ಸಂಕಲನ ಮಾಡುತ್ತೇವಲ್ಲ! ನಾದಿನಿಯ ಹತ್ತು ಮಾತಿನಲ್ಲಿ ಒಂದನ್ನು ಆರಿಸಿ ತವರಿಗೆ ಫೋನಿನಲ್ಲಿ ಹೇಳುತ್ತೇವೆ. ಆಡಿದವಳು ಅವಳೇ, ಸುಳ್ಳೇನಿಲ್ಲ. ಕತ್ತರಿಸದೆ ಯಾವ ಸಂಗತಿಯನ್ನೂ ಹೇಳಲಾಗದು ಎಂಬುದೂ ಸರಿಯೇ. ಆದರೆ ಅವಳು ಪಕ್ಕದಲ್ಲೇ ಕೂತಿದ್ದರೆ ಅದನ್ನು ಹಾಗೆಯೇ ಹೇಳುತ್ತಿದ್ದೆವೇ? ಫೋನು ಕೈಗೆತ್ತಿಕೊಳ್ಳುವ ಮೊದಲು ಇಷ್ಟನ್ನು ಕೇಳಿಕೊಂಡರೆ ಸಾಕು.