ಲಾರಿ ಹತ್ತುವವನಿಗೆ

ಮಗ ಕಂಪನಿ ಕೆಲಸಕ್ಕೆ ಸೇರಿದರೆ ಬೀದಿಗೆಲ್ಲ ಪೇಡ ಹಂಚುವ ಮನೆಯವರು, ಲಾರಿ ಡ್ರೈವರ್ ಆಗುತ್ತೇನೆಂದರೆ ಆ ಸುದ್ದಿಯನ್ನು ಹೊಸಿಲು ದಾಟಲು ಬಿಡುವುದಿಲ್ಲ. ಓದು ಹತ್ತಲಿಲ್ಲ, ಲಾರಿ ಹತ್ತಿದ ಎಂಬ ಕುಹಕ ಬೇರೆ. ಬಸವಣ್ಣನವರ ಕಾಯಕ ತತ್ವವನ್ನು ವೇದಿಕೆಯ ಮೇಲೆ ಕೊಂಡಾಡುವ ನಾವೇ ಡ್ರೈವರ್ ಎಂದರೆ ಹೆಣ್ಣು ಕೊಡಲು ಹಿಂದೇಟು ಹಾಕುತ್ತೇವೆ. ಬೋರ್‌ವೆಲ್ ಬತ್ತಿ, ಹೊಲ ಬಿಟ್ಟು, ನಲವತ್ತರ ವಯಸ್ಸಿನಲ್ಲಿ ಈ ಕೆಲಸಕ್ಕೆ ಬರುವ ರೈತನಿಗಂತೂ ಈ ತಾತ್ಸಾರ ಇನ್ನೂ ಚುಚ್ಚುತ್ತದೆ.

ಅವನು ಕೈಗೆ ತೆಗೆದುಕೊಳ್ಳುತ್ತಿರುವುದು ಎಂಥ ಹೊಣೆ ಎಂದು ನಾವು ಯೋಚಿಸಿದ್ದೇ ಕಡಿಮೆ. ಹತ್ತು ಚಕ್ರದ ಲಾರಿ ತುಂಬು ಲೋಡಿನಲ್ಲಿ ಸುಮಾರು 28 ಟನ್ ತೂಗುತ್ತದೆ. ಆ ಭಾರ ಶಿರಾಡಿ ಘಾಟಿಯಲ್ಲಿ ಗುಂಡ್ಯದ ಕಡೆಗೆ ಇಳಿಯುವಾಗ ಎದುರಿಗೆ ಬಸ್ಸು ಬರುತ್ತದೆ, ಕಾರು ಬರುತ್ತದೆ, ಮಗುವನ್ನು ನಡುವೆ ಕೂರಿಸಿಕೊಂಡ ಗಂಡ ಹೆಂಡಿರ ಬೈಕೂ ಬರುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ನಾಲ್ಕು ಕಾಸಿನ ಡೀಸೆಲ್ ಉಳಿದೀತು ಎಂಬ ಆಸೆ ಹೊಸಬನಿಗೆ ಹುಟ್ಟುವುದು ಅಲ್ಲೇ. ಹಾಗೆ ಮಾಡಿದರೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಒತ್ತಿ ಒತ್ತಿ ಬ್ರೇಕು ಕಾಯುತ್ತದೆ, ಏರ್ ಟ್ಯಾಂಕಿನ ಒತ್ತಡ ಇಳಿಯುತ್ತದೆ, ಕೊನೆಗೆ ಕಾಲು ಒತ್ತಿದರೂ ಗಾಡಿ ಕೇಳುವುದಿಲ್ಲ. ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ಹಳಬರು ಹೇಳುವುದು ಇದಕ್ಕೇ.

ಈ ಮಾತನ್ನು ಹೇಳಿಕೊಡಲು ಹಿಂದೆ ಒಬ್ಬ ಗುರು ಇರುತ್ತಿದ್ದ. ಹುಡುಗ ಮೊದಲು ಕ್ಲೀನರ್ ಆಗುತ್ತಿದ್ದ. ಟಾರ್ಪಾಲು ಬಿಗಿಯುತ್ತ, ಟೈರು ತಟ್ಟಿ ಗಾಳಿ ಅಂದಾಜು ಮಾಡುತ್ತ, ಹಿಂದೆ ನಿಂತು 'ಬರ್ಲಿ, ಬರ್ಲಿ' ಎಂದು ರಿವರ್ಸ್ ತೆಗೆಸುತ್ತ ಎಷ್ಟೋ ಕಾಲ ಕಳೆದ ಮೇಲೆ, ಖಾಲಿ ಗಾಡಿಯ ಸ್ಟೇರಿಂಗ್ ಅವನ ಕೈಗೆ ಬರುತ್ತಿತ್ತು. ಈಗ ಖರ್ಚು ಉಳಿಸಲೆಂದು ಎಷ್ಟೋ ಲಾರಿಗಳಲ್ಲಿ ಕ್ಲೀನರನೇ ಇಲ್ಲ. ಲೈಸೆನ್ಸಿಗೆ ಕಾನೂನು ಕೇಳುವುದು 20 ವರ್ಷ ವಯಸ್ಸು, ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷದ ಅನುಭವ. ರಾತ್ರಿಯ ಘಾಟಿ ಅಷ್ಟಕ್ಕೇ ಒಲಿಯುವುದಿಲ್ಲ. ಕ್ಲೀನರ್ ಸೀಟು ಖಾಲಿಯಾದದ್ದು ಈ ಕಸುಬಿಗೆ ಆದ ದೊಡ್ಡ ನಷ್ಟ ಎಂದೇ ನಾನು ತಿಳಿದಿದ್ದೇನೆ.

ಆದರೂ ಡ್ರೈವರನ ನಿಜವಾದ ಪರೀಕ್ಷೆ ಘಾಟಿಯಲ್ಲಲ್ಲ, ನೇರ ರಸ್ತೆಯಲ್ಲಿ. ಚಿತ್ರದುರ್ಗ ದಾಟಿ ದಾವಣಗೆರೆಯ ಕಡೆಗೆ ಹೆದ್ದಾರಿ ಚಾಚಿಕೊಂಡಿದೆ, ಬೆಳಗಿನ ಜಾವ ಮೂರು ಗಂಟೆ, ರೆಪ್ಪೆ ತಾನಾಗಿ ಕೂಡುತ್ತಿದೆ. ಎಲ್ಲಿದ್ದೀಯ ಎಂದು ಓನರ್ ಫೋನ್ ಮಾಡುತ್ತಾನೆ. ಕೂಲಿ ಟ್ರಿಪ್ಪಿನ ಲೆಕ್ಕದಲ್ಲಿ ಬರುವವನಿಗೆ ನಿಂತಷ್ಟು ಹೊತ್ತೂ ನಷ್ಟವೇ. ಅಂಥ ಹೊತ್ತಿನಲ್ಲಿ ಗಾಡಿಯನ್ನು ಬಂಕಿಗೋ ಡಾಬಾಕ್ಕೋ ತಿರುಗಿಸಿ ಎರಡು ಗಂಟೆ ಮಲಗುವವನು ತನ್ನ ಜೇಬಿನಿಂದ ಬೆಲೆ ತೆತ್ತು ಯಾರದೋ ಜೀವ ಕಾಯುತ್ತಾನೆ. ಯಾರದು ಎಂಬುದು ಅವನಿಗೆ ಎಂದೂ ತಿಳಿಯದು. ಬದುಕಿ ಉಳಿದವರಿಗೂ ತಾವು ಉಳಿದದ್ದು ಗೊತ್ತಾಗದು. ಆಗದೇ ಹೋದ ಅಪಘಾತಕ್ಕೆ ಸಾಕ್ಷಿಯಿಲ್ಲ, ಸನ್ಮಾನವಿಲ್ಲ. ಯಾರೂ ಕಾಣದ ಒಳ್ಳೆಯತನವನ್ನು ದಿನವೂ ಮಾಡುವ ಕೆಲಸ ಇದು, ಸಣ್ಣ ತಪಸ್ಸಲ್ಲ.

ಅವನ ತಪಸ್ಸನ್ನು ಹೊಗಳಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದು ಬರೆದಿಟ್ಟಿತ್ತು. ಎಂಜಿನ್ನಿನ ಪಕ್ಕ ಕೂತು ಬೇಯುವವನಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಲು 2025ರ ಅಕ್ಟೋಬರ್ ಬರಬೇಕಾಯಿತು, ಅದೂ ಹೊಸದಾಗಿ ತಯಾರಾಗುವ ಲಾರಿಗಳಿಗೆ ಮಾತ್ರ. ಹಳೆಯ ಲಾರಿಯವನ ಬೆವರು ಇನ್ನೂ ಆರಿಲ್ಲ.

ಹೊಸಬನಿಗೆ ಒಂದೇ ಮಾತು: ಕಣ್ಣು ಎಳೆದರೆ ನಿಲ್ಲಿಸಪ್ಪ, ಹೋಗುವುದು ಒಂದು ಟ್ರಿಪ್ಪಿನ ದುಡ್ಡು ಅಷ್ಟೇ. ಲೋಡು ಕಳಿಸುವವರಲ್ಲಿ, ತರಿಸಿಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟು: ರಾತ್ರಿಯೆಲ್ಲ ಓಡಿಸಿ ಬಂದವನನ್ನು ಗೋಡೌನಿನ ಗೇಟಿನ ಹೊರಗೆ ಬಿಸಿಲಿಗೆ ನಿಲ್ಲಿಸಬೇಡಿ. ಕುಡಿಯಲು ನೀರು, ಒಂದು ಶೌಚಾಲಯ, ಕಾಲು ಚಾಚಿ ಮಲಗಲು ನೆರಳು ಕೊಡಿ.