ರಕ್ತದ ಸಾಕ್ಷಿ

ತೀರ್ಥಹಳ್ಳಿಯ ಕಡೆಯ ನನ್ನ ಹಳೆಯ ಶಿಷ್ಯನೊಬ್ಬನು ಈಚೆಗೆ ಪೇಟೆಯಲ್ಲಿ ರಕ್ತಪರೀಕ್ಷೆ ಮಾಡಿಸಿ, ಪ್ರತಿಕಾಯಗಳ ಪ್ರಮಾಣವನ್ನು ಬರೆದ ಕಾಗದವನ್ನು ತಂದು ತೋರಿಸಿ, "ಗುರುಗಳೇ, ಇನ್ನು ನನಗೆ ಮಂಗನಕಾಯಿಲೆಯ ಭಯವೂ ಇಲ್ಲ" ಎಂದನು.

ಪ್ರತಿಕಾಯವೆಂಬುದು ಶರೀರದ ಸ್ಮೃತಿ. ಒಬ್ಬೊಬ್ಬ ಶತ್ರುವಿಗೂ ಅದು ಬೇರೆ ಬೇರೆ. ಒಟ್ಟು ಮೊತ್ತವನ್ನು ನೋಡಿ, ಇವನ ರಕ್ತವು ಯಾರನ್ನು ಗುರುತಿಸೀತೆಂದು ಹೇಳಲಾಗದು. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ತಿಳಿದುಬಂದು, 2019ರಲ್ಲಿ ಸಾಗರದ ಅರಳಗೋಡಿನ ಮನೆಗಳನ್ನು ಶೋಕದಲ್ಲಿ ಮುಳುಗಿಸಿದ ಈ ಜ್ವರದಲ್ಲಿ ವೈದ್ಯರು ಐಜಿಎಂ ಎಂಬ ಪ್ರತಿಕಾಯವನ್ನು ಹುಡುಕುತ್ತಾರೆ. ಅದು ಸೋಂಕು ಈಚಿನದೆಂಬುದಕ್ಕೆ ಸಾಕ್ಷಿ. ಸಾಕ್ಷಿಯು ಕಂಡದ್ದನ್ನು ನುಡಿದಾನು, ಮುಂದಿನದಕ್ಕೆ ಜಾಮೀನು ನಿಲ್ಲಲಾರನು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನಾದರೂ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾಗಿತ್ತು. ಹಾಕಿಸಿಕೊಂಡವರಲ್ಲಿಯೂ ಕೆಲವರು ಮಲಗಿದರು.

ಇರಲಿ, ಆ ಕಾಗದವು ನಿಜವನ್ನೇ ನುಡಿಯಿತೆಂದಿಟ್ಟುಕೊಳ್ಳೋಣ. ತನ್ನೊಬ್ಬನ ಕ್ಷೇಮವು ನಿಶ್ಚಯವಾದ ಮಾತ್ರಕ್ಕೆ ಗೃಹಸ್ಥನ ಚಿಂತೆ ಮುಗಿಯಿತೇ? ಉಣುಗು ಕಚ್ಚುವುದು ಕಾಡಿಗೆ ಹೋದವರನ್ನು. ಇವನ ಕೊಟ್ಟಿಗೆಗೆ ತರಗೆಲೆ ಹೊರುವವಳು ಬೇರೊಬ್ಬಳು. ಹೊರಡುವ ಮುನ್ನ ಅವಳು ಕೈಕಾಲಿಗೆ ಹಚ್ಚಿಕೊಳ್ಳಲು ಉಣುಗಿನ ಎಣ್ಣೆಯನ್ನು ಕೊಡುತ್ತೀಯಾ ಎಂದು ಕೇಳಿದೆನು.

"ಆರೋಗ್ಯ ಇಲಾಖೆಯವರು ಕೊಟ್ಟ ಸೀಸೆ ಅಟ್ಟದ ಮೇಲೆ ಇರಬೇಕು" ಎಂದು ಕಾಗದವನ್ನು ಮಡಿಸಿದನು.